ಜಾರುವ ಗಾಡಿಗೆ ಕಡಿವಾಣ ಬಿದ್ದ ಕಥೆ

ನಮ್ಮ ಹೊಸೂರಿನಿಂದ ಕೃಷ್ಣಗಿರಿಗೆ ಹೋಗುವಾಗ ಶೂಲಗಿರಿಯ ಹತ್ತಿರ ಬೆಟ್ಟಗಳು ಸಿಗುತ್ತವೆ. ಮಳೆ ಬಂದ ದಿನ ಅಲ್ಲಿ ರಸ್ತೆ ಬಿಟ್ಟು ಇಳಿದು ನಿಂತ ಕಾರುಗಳನ್ನು ಬಸ್ಸಿನ ಕಿಟಕಿಯಿಂದ ನಾವು ಎಷ್ಟೋ ಸಲ ನೋಡಿದ್ದೇವೆ. ಸುತ್ತ ಸೇರಿದ ಜನ ಹೇಳುವ ಮಾತು ಒಂದೇ, "ಬ್ರೇಕ್ ಹಿಡೀಲಿಲ್ಲ". ಆದರೆ ಅನೇಕ ಸಲ ಬ್ರೇಕ್ ಹಿಡಿದೇ ಇರುತ್ತದೆ, ರಸ್ತೆಯ ಮೇಲೆ ಹಿಡಿತ ತಪ್ಪುವುದು ಟೈರಿಗೆ!

ಗಾಡಿಗಳ ವಿಷಯ ನಮ್ಮೂರಿಗೆ ಹೊಸದಲ್ಲ. 1980ರಲ್ಲಿ ಟಿವಿಎಸ್ 50 ಮೊಪೆಡ್ ಹೊರಬಂದದ್ದು ಹೊಸೂರಿನಿಂದ. ಅಶೋಕ್ ಲೇಲ್ಯಾಂಡ್ ಲಾರಿ ಕಾರ್ಖಾನೆ ಇಲ್ಲಿ ಶುರುವಾದದ್ದೂ ಅದೇ ವರ್ಷ. ನಮ್ಮ ಶಾಲೆಯ ಮಕ್ಕಳಲ್ಲಿ ಎಷ್ಟೋ ಜನರ ಅಪ್ಪಂದಿರು ಗಾಡಿ ಕಟ್ಟುವವರೇ. ಆದರೂ ಗಾಡಿ ಜಾರದಂತೆ ತಡೆಯುವ ವಿದ್ಯೆ ನಮ್ಮ ರಸ್ತೆಗೆ ಬಂದದ್ದು ಬಹಳ ತಡವಾಗಿ.

ಮೊದಲು ಬಂದದ್ದು ಎಬಿಎಸ್. 1978ರಲ್ಲಿ ಬಾಷ್ ಕಂಪನಿ ಇದನ್ನು ಮರ್ಸಿಡಿಸ್ ಕಾರಿಗೆ ಕೊಟ್ಟಿತು. ಬೆಂಗಳೂರಿನಲ್ಲಿ ನಾವೆಲ್ಲ ಮೈಕೋ ಎಂದು ಕರೆಯುತ್ತಿದ್ದೆವಲ್ಲ, ಅದರ ಜರ್ಮನ್ ಮೂಲ ಕಂಪನಿಯೇ ಬಾಷ್. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ಎಬಿಎಸ್ ನೋಡಿಕೊಳ್ಳುತ್ತದೆ. ಆದರೆ ಚಾಲಕ ಬ್ರೇಕ್ ಒತ್ತದಿದ್ದರೆ ಅದಕ್ಕೆ ಕೆಲಸವಿಲ್ಲ.

ಆ ಕೊರತೆ ತುಂಬಿದ್ದು 1995ರಲ್ಲಿ ಮರ್ಸಿಡಿಸ್ ಎಸ್-ಕ್ಲಾಸಿಗೆ ಬಂದ ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್, ಅಂದರೆ ಇಎಸ್‌ಸಿ. ಬಾಷ್‌ನಲ್ಲಿ ಇದರ ಮುಂದಾಳು ಆಂಟನ್ ವಾನ್ ಜಾಂಟನ್ ಎಂಬ ಎಂಜಿನಿಯರು. ಸ್ಟೀರಿಂಗ್ ಎತ್ತ ತಿರುಗಿದೆ, ಗಾಡಿ ನಿಜವಾಗಿ ಎತ್ತ ತಿರುಗುತ್ತಿದೆ ಎಂಬುದನ್ನು ಇದು ಕ್ಷಣಕ್ಷಣವೂ ಹೋಲಿಸುತ್ತದೆ. ಎರಡೂ ಹೊಂದದಿದ್ದರೆ ಬೇಕಾದ ಒಂದು ಚಕ್ರಕ್ಕೆ ಮಾತ್ರ ತಾನೇ ಬ್ರೇಕ್ ಹಾಕುತ್ತದೆ, ಎಂಜಿನ್ನಿನ ಜೋರನ್ನೂ ತಗ್ಗಿಸುತ್ತದೆ. ಹಿಂಭಾಗ ಹೊರಕ್ಕೆ ಜಾರಿದರೆ ಮುಂದಿನ ಹೊರಚಕ್ರವನ್ನು ಹಿಡಿಯುತ್ತದೆ. ತಿರುವಿನಲ್ಲಿ ಗಾಡಿ ತಿರುಗದೆ ನೇರ ಹೊರಟರೆ ಹಿಂದಿನ ಒಳಚಕ್ರವನ್ನು ಹಿಡಿಯುತ್ತದೆ. ನಾಲ್ಕು ಚಕ್ರಕ್ಕೆ ಬೇರೆ ಬೇರೆ ಬ್ರೇಕ್ ಹಾಕುವುದು ನಮ್ಮ ಒಂದು ಕಾಲಿನಿಂದ ಆಗುವ ಕೆಲಸವೇ?

ದುಬಾರಿ ಕಾರಿನಿಂದ ಇದು ಚಿಕ್ಕ ಕಾರಿಗೆ ಇಳಿದದ್ದು ಒಂದು ಅವಮಾನದಿಂದ. 1997ರಲ್ಲಿ ಸ್ವೀಡನ್ನಿನ ಪತ್ರಿಕೆಯೊಂದು ಪರೀಕ್ಷೆ ಮಾಡಿತು. ರಸ್ತೆಗೆ ದೊಡ್ಡ ಕಾಡುಜಿಂಕೆ ಅಡ್ಡ ಬಂದರೆ ಹೇಗೆ ತಪ್ಪಿಸಿಕೊಳ್ಳುತ್ತೇವೋ ಹಾಗೆ ಕಾರನ್ನು ಸರಕ್ಕನೆ ತಿರುಗಿಸುವ ಪರೀಕ್ಷೆ ಅದು. ಮರ್ಸಿಡಿಸ್‌ನ ಪುಟ್ಟ ಎ-ಕ್ಲಾಸ್ ಮಗುಚಿ ಬಿತ್ತು! ಆಮೇಲೆ ಕಂಪನಿ ಎಲ್ಲಾ ಎ-ಕ್ಲಾಸ್‌ಗೂ ಇದನ್ನು ಹಾಕಿಕೊಟ್ಟಿತು. ಅಮೆರಿಕದಲ್ಲಿ 2012ರ ಮಾದರಿಗಳಿಂದ, ಯುರೋಪಿನಲ್ಲಿ 2014ರಿಂದ ಹೊಸ ಕಾರುಗಳಿಗೆಲ್ಲ ಇದು ಕಡ್ಡಾಯವಾಯಿತು.

ನಮ್ಮ ದೇಶದಲ್ಲಿ ಕಾರುಗಳಿಗೆ ಎಬಿಎಸ್ ಕಡ್ಡಾಯವಾದದ್ದೇ 2019ರಲ್ಲಿ. 2023ರ ಅಕ್ಟೋಬರಿನಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಮೂರು ನಕ್ಷತ್ರ ಅಥವಾ ಹೆಚ್ಚು ಬೇಕಾದರೆ ಇಎಸ್‌ಸಿ ಇರಲೇಬೇಕು.

ಒಂದು ಮಾತು ನೆನಪಿರಲಿ. ಇಎಸ್‌ಸಿ ಟೈರಿಗೆ ಇಲ್ಲದ ಹಿಡಿತವನ್ನು ತಂದುಕೊಡುವುದಿಲ್ಲ, ಇರುವ ಹಿಡಿತವನ್ನು ಸರಿಯಾಗಿ ಬಳಸುತ್ತದೆ ಅಷ್ಟೇ. ಟೈರು ಸವೆದಿದ್ದರೆ, ವೇಗ ಮಿತಿಮೀರಿದರೆ ಅದೂ ಕೈಚೆಲ್ಲುತ್ತದೆ.

ಆ ಹೆದ್ದಾರಿಯನ್ನು ದಾಟಿಯೇ ನಮ್ಮ ಮಕ್ಕಳು ಶಾಲೆಗೆ ಬರಬೇಕು. ಆದ್ದರಿಂದ ಕಾರು ಕೊಳ್ಳಲು ಹೋದಾಗ "ಮೈಲೇಜ್ ಎಷ್ಟು ಕೊಡುತ್ತೆ?" ಎನ್ನುವ ಮೊದಲು "ಇಎಸ್‌ಸಿ ಇದೆಯಾ?" ಎಂದು ಕೇಳೋಣ. ಏನಂತೀರಿ?