ಮನೆಗೆ ಎರಡು ಸಾವಿರ, ಊರಿಗೆ ಎಷ್ಟು? ಬಡತನ ಮತ್ತು ಪ್ರಾದೇಶಿಕ ಅಸಮಾನತೆ ಬಗ್ಗೆ ಸಿದ್ದರಾಮಯ್ಯ ನಿಲುವು

ಗೃಹಲಕ್ಷ್ಮಿ ದುಡ್ಡು ಖಾತೆಗೆ ಬಿದ್ದ ದಿನ ಅವ್ವ ತಪ್ಪದೇ ಫೋನ್ ಮಾಡ್ತಾಳೆ. ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ ನಮ್ಮೂರಲ್ಲಿ ಆ ಎರಡು ಸಾವಿರಕ್ಕೆ ಎಷ್ಟು ಬೆಲೆ ಇದೆ ಅನ್ನೋದು, ಬೆಂಗಳೂರಲ್ಲಿ ಕೂತು ‘ಬಿಟ್ಟಿ ಭಾಗ್ಯ’ ಅಂತ ಆಡಿಕೊಳ್ಳುವವರಿಗೆ ಅರ್ಥ ಆಗೋದು ಕಷ್ಟ. ಆದರೆ ಅದೇ ಫೋನಲ್ಲಿ ಅವ್ವ ಇನ್ನೊಂದು ಮಾತೂ ಹೇಳ್ತಾಳೆ: “ಬಸ್ ಫ್ರೀ ಐತಪ್ಪ, ಬಸ್ಸೇ ಬರಂಗಿಲ್ಲಲ್ಲ.”

ಸಿದ್ದರಾಮಯ್ಯನವರ ಆರ್ಥಿಕ ನಿಲುವನ್ನು ಅರ್ಥ ಮಾಡಿಕೊಳ್ಳೋಕೆ ಈ ಎರಡೂ ಮಾತು ಬೇಕು. 2025ರ ಮಾರ್ಚ್‌ನಲ್ಲಿ ಅವರು 16ನೇ ಬಜೆಟ್ ಮಂಡಿಸಿದರು. ಕರ್ನಾಟಕದಲ್ಲಿ ಬೇರೆ ಯಾರೂ ಇಷ್ಟು ಬಜೆಟ್ ಮಂಡಿಸಿಲ್ಲ. ಹಾಗಾಗಿ ಅವರನ್ನು ಭಾಷಣದಿಂದಲ್ಲ, ಲೆಕ್ಕದಿಂದಲೇ ಅಳೆಯಬಹುದು.

ಮೊದಲು ಮನೆಯ ಬಡತನ. 2013ರ ಮೇ 13ರಂದು ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡ ದಿನವೇ ಅವರು ಅನ್ನಭಾಗ್ಯ ಘೋಷಿಸಿದರು. ಹತ್ತು ವರ್ಷದ ನಂತರ ಐದು ಗ್ಯಾರಂಟಿಗಳು ಬಂದವು. ಹಿಂದಿನ ತರ್ಕ ಬದಲಾಗಿಲ್ಲ: ಬಡವರ ಕೈಗೆ ದುಡ್ಡು ಅಥವಾ ಅಕ್ಕಿ ನೇರವಾಗಿ ಹೋಗಲಿ, ಅವರ ಕೊಳ್ಳುವ ಶಕ್ತಿ ಹೆಚ್ಚಲಿ, ಆ ದುಡ್ಡು ಅಲ್ಲಿನ ಅಂಗಡಿ, ಸಂತೆಯಲ್ಲೇ ತಿರುಗಲಿ. ಇದನ್ನು ಅವರು ಸದನದಲ್ಲೂ ಹೊರಗೂ ಎಷ್ಟೋ ಸಲ ಹೇಳಿದ್ದಾರೆ. ನಾನು ಇದನ್ನು ಒಪ್ಪುತ್ತೇನೆ. ಸುಮಾರು 1.2 ಕೋಟಿ ಮಹಿಳೆಯರಿಗೆ ವರ್ಷಕ್ಕೆ 24 ಸಾವಿರ ರೂಪಾಯಿ, ಅದೂ ಗಂಡನ ಖಾತೆಗಲ್ಲ, ಅವರದ್ದೇ ಖಾತೆಗೆ. ಇದು ಸಣ್ಣ ವಿಷಯ ಅಲ್ಲ.

ತೊಡಕು ಇರೋದು ಲೆಕ್ಕದ ವಿಧಾನದಲ್ಲಿ. (ಇಂಜಿನಿಯರಿಂಗ್ ಓದಿದ ಚಟ, ಸ್ವಲ್ಪ ಸಹಿಸಿಕೊಳ್ಳಿ.) ಗೃಹಜ್ಯೋತಿಯನ್ನೇ ನೋಡಿ. 200 ಯೂನಿಟ್ ಉಚಿತ ಅಂತ ನಾವೆಲ್ಲ ಹೇಳ್ತೀವಿ. ನಿಜವಾಗಿ ಸಿಗೋದು ನಿಮ್ಮ ಮನೆ 2022-23ರಲ್ಲಿ ಬಳಸಿದ ಸರಾಸರಿ ಮತ್ತು ಅದರ ಮೇಲೆ ಶೇ 10. 200 ಅನ್ನೋದು ಗರಿಷ್ಠ ಮಿತಿ. ಬೆಂಗಳೂರಿನಲ್ಲಿ ಫ್ರಿಜ್, ಗೀಸರ್, ವಾಷಿಂಗ್ ಮಷೀನ್ ಇರೋ ಮನೆಯ ಸರಾಸರಿ 180 ಇದ್ದರೆ 198 ಯೂನಿಟ್ ಉಚಿತ. ಎರಡು ಬಲ್ಬು, ಒಂದು ಫ್ಯಾನಿನ ಮನೆಯ ಸರಾಸರಿ 40 ಇದ್ದರೆ 44. ಅಂದರೆ ಹೆಚ್ಚು ಬಳಸಿದವರಿಗೆ ಹೆಚ್ಚು ಸಬ್ಸಿಡಿ. ಈ ಎಡವಟ್ಟು ಸರ್ಕಾರಕ್ಕೂ ಕಾಣಿಸಿತು. 2024ರ ಜನವರಿಯಲ್ಲಿ, ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇರೋರಿಗೆ ಶೇ 10ರ ಬದಲು 10 ಯೂನಿಟ್ ಕೊಡಲು ಸಂಪುಟ ತೀರ್ಮಾನಿಸಿತು. 44 ಇದ್ದದ್ದು 50 ಆಯ್ತು, ಅಷ್ಟೇ. ಈ ಯೋಜನೆಗೆ ಚಾಲನೆ ಕೊಟ್ಟಿದ್ದು ಕಲಬುರಗಿಯಲ್ಲಿ ಅನ್ನೋದನ್ನು ನೆನಪಿಡಿ.

ಶಕ್ತಿ ಯೋಜನೆಯದ್ದೂ ಇದೇ ಕಥೆ. ಶೂನ್ಯ ಟಿಕೆಟ್ ಹರಿಯೋದು ಬಸ್ ಓಡುವ ಕಡೆ. ದಿನಕ್ಕೆ ಎರಡೇ ಟ್ರಿಪ್ ಇರೋ ಊರಿನ ಹೆಣ್ಣುಮಗಳಿಗೂ, ಹತ್ತು ನಿಮಿಷಕ್ಕೊಂದು ಬಸ್ ಸಿಗುವ ಮೈಸೂರಿನವಳಿಗೂ ಕಾಗದದ ಮೇಲೆ ಹಕ್ಕು ಒಂದೇ.

ಹಾಗಾದರೆ ಊರಿನ ಬಡತನಕ್ಕೆ ಅವರ ಉತ್ತರ ಏನು? ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಎಸ್.ಎಂ. ಕೃಷ್ಣ ಸರ್ಕಾರ ನೇಮಿಸಿದ್ದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದಿವೆ ಅಂತ ಗುರುತಿಸಿತು. ಆ 39ರಲ್ಲಿ 26 ಉತ್ತರ ಕರ್ನಾಟಕದವು, ಅದರಲ್ಲೂ 21 ಕಲಬುರಗಿ ವಿಭಾಗದವು. ನಮ್ಮ ದೇವದುರ್ಗ ಆ ಪಟ್ಟಿಯಲ್ಲಿದೆ. ಉಳಿದ 13 ದಕ್ಷಿಣದವು ಅನ್ನೋದನ್ನು ನಮ್ಮ ಕಡೆಯವರು ಭಾಷಣದಲ್ಲಿ ಬಿಟ್ಟುಬಿಡ್ತಾರೆ.

ಆಮೇಲೆ 371(ಜೆ). ಸಂವಿಧಾನದ 98ನೇ ತಿದ್ದುಪಡಿಯನ್ನು ಸಂಸತ್ತು ಒಪ್ಪಿದ್ದು 2012ರ ಡಿಸೆಂಬರ್‌ನಲ್ಲಿ. ಅದರ ಹಿಂದೆ ದಶಕಗಳ ಹೋರಾಟ ಇತ್ತು, ದೆಹಲಿಯಲ್ಲಿ ಮಲ್ಲಿಕಾರ್ಜುನ ಖರ್ಗೆ ಅವರ ಒತ್ತಡ ಇತ್ತು. ಸಿದ್ದರಾಮಯ್ಯ ಪಾಲಿಗೆ ಬಂದಿದ್ದು ಜಾರಿಯ ಕೆಲಸ. ನಿಯಮಗಳು ಬಂದಿದ್ದು ಅವರ ಮೊದಲ ಅವಧಿಯಲ್ಲಿ. ನಾನು ಸಿಇಟಿ ಬರೆದಾಗ ಇದು ಇರಲಿಲ್ಲ. ನನ್ನ ತಂಗಿ ಬರೆಯೋ ಹೊತ್ತಿಗೆ ನಮ್ಮ ಭಾಗದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8 ಸೀಟು ಮೀಸಲಾಗಿತ್ತು. ನನಗಿಂತ ಹಿಂದಿನ ರ‍್ಯಾಂಕ್ ಬಂದರೂ ಅವಳಿಗೆ ನನಗಿಂತ ಒಳ್ಳೆ ಕಾಲೇಜು ಸಿಕ್ಕಿತು. ಹೊಟ್ಟೆಕಿಚ್ಚು ಆಗಲಿಲ್ಲ ಅಂದ್ರೆ ಸುಳ್ಳಾಗುತ್ತೆ.

ಸೀಟು ಮನೆಗೆ ಬಂತು, ಊರಿಗೆ ಏನು ಬಂತು? ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2025-26ರ ಬಜೆಟ್‌ನಲ್ಲಿ 5,000 ಕೋಟಿ. ಐದು ಗ್ಯಾರಂಟಿಗಳಿಗೆ 51 ಸಾವಿರ ಕೋಟಿಗೂ ಹೆಚ್ಚು. ಗ್ಯಾರಂಟಿ ಕಡಿಮೆ ಮಾಡಿ ಅಂತ ನಾನು ಹೇಳ್ತಿಲ್ಲ. ಏಳು ಜಿಲ್ಲೆಗಳ ಶಾಲೆ, ರಸ್ತೆ, ಆಸ್ಪತ್ರೆ ಅಂತ ಪ್ರತ್ಯೇಕವಾಗಿ ಎತ್ತಿಟ್ಟ ದುಡ್ಡು ಅದರ ಹತ್ತರಲ್ಲಿ ಒಂದು ಭಾಗ ಅನ್ನೋದಷ್ಟೇ ನನ್ನ ಮಾತು. ಅದೂ ಮೇಷ್ಟ್ರು, ಡಾಕ್ಟರು ಇಲ್ಲದ ಕಡೆ ಕಟ್ಟಡವಾಗಿ ಮುಗಿದುಹೋಗುತ್ತೆ. ಸ್ಥಳೀಯರಿಗೆ ಶೇ 75ರಿಂದ 85ರವರೆಗೆ ಹುದ್ದೆ ಮೀಸಲಿಟ್ಟರೂ, ಹುದ್ದೆ ತುಂಬದಿದ್ದರೆ ಮೀಸಲಾತಿಗೆ ಅರ್ಥ ಎಲ್ಲಿ?

ಇನ್ನು ಅವರ ನಿಲುವಿನ ಅತಿ ಕುತೂಹಲಕರ ಭಾಗ. 2024ರ ಫೆಬ್ರುವರಿ 7ರಂದು ಸಿದ್ದರಾಮಯ್ಯ ತಮ್ಮ ಇಡೀ ಸರ್ಕಾರವನ್ನು ಕರ್ಕೊಂಡು ಜಂತರ್ ಮಂತರ್‌ನಲ್ಲಿ ಕೂತರು. 15ನೇ ಹಣಕಾಸು ಆಯೋಗ ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲನ್ನು ಶೇ 4.713ರಿಂದ 3.647ಕ್ಕೆ ಇಳಿಸಿದೆ ಅನ್ನೋದು ತಕರಾರು. ಆ ಆಯೋಗದ ಪಾಲು ಹಂಚುವ ಸೂತ್ರದಲ್ಲಿ ‘ಆದಾಯ ಅಂತರ’ಕ್ಕೆ ಶೇ 45 ತೂಕ ಇತ್ತು. ತಲಾ ಆದಾಯ ಕಡಿಮೆ ಇರೋ ರಾಜ್ಯಕ್ಕೆ ಹೆಚ್ಚು ದುಡ್ಡು. ಈ ತೂಕ ಇಳಿಸಿ ಅಂತ ಕರ್ನಾಟಕ ಕೇಳಿತ್ತು.

ಬಿಹಾರದ ಗೆಳೆಯನೊಬ್ಬ ನನ್ನ ಕೇಳಿದ: “ಬೆಂಗಳೂರಿನ ತೆರಿಗೆ ರಾಯಚೂರಿಗೆ ಹೋಗೋದು ನ್ಯಾಯ, ಬಿಹಾರಕ್ಕೆ ಬಂದರೆ ಅನ್ಯಾಯವಾ?” ತಕ್ಷಣ ಉತ್ತರ ಹೊಳೆಯಲಿಲ್ಲ. ಈಗ ಹೊಳೆದಿರೋದು ಇಷ್ಟು. ದೆಹಲಿ ನೋಡೋದು ರಾಜ್ಯದ ಸರಾಸರಿಯನ್ನು, ಆ ಸರಾಸರಿಯನ್ನು ಮೇಲಕ್ಕೆತ್ತೋದು ಬೆಂಗಳೂರು. 2015-16ರ ಅಂಕಿಅಂಶ ಆಧರಿಸಿದ ನೀತಿ ಆಯೋಗದ ಬಹು ಆಯಾಮದ ಬಡತನ ಸೂಚ್ಯಂಕದಲ್ಲಿ ಕರ್ನಾಟಕದ ಬಡತನ ಸುಮಾರು ಶೇ 13, ಯಾದಗಿರಿಯದ್ದು ಶೇ 40ಕ್ಕೂ ಹೆಚ್ಚು. ದೆಹಲಿಯ ಸೂತ್ರದಲ್ಲಿ ಯಾದಗಿರಿ ಕಾಣಿಸೋದೇ ಇಲ್ಲ. ಬೆಂಗಳೂರಿನ ಹೆಸರಲ್ಲಿ ಅದರ ಪಾಲೂ ಕಡಿತವಾಗುತ್ತೆ. ಸಿದ್ದರಾಮಯ್ಯ ವಾದಕ್ಕೆ ಇದು ನಿಜವಾದ ಬಲ. ಆದರೆ ಈ ವಾದ ನೈತಿಕವಾಗಿ ನಿಲ್ಲಬೇಕಾದರೆ, ದೆಹಲಿಯಿಂದ ಹೆಚ್ಚುವರಿಯಾಗಿ ಬಂದದ್ದರಲ್ಲಿ ಯಾದಗಿರಿಗೆ ಎಷ್ಟು ಅಂತ ಮೊದಲೇ ಬರೆದುಕೊಡಬೇಕು.

ಆ ಲೆಕ್ಕಕ್ಕೆ ಈಗೊಂದು ಅವಕಾಶ ಇದೆ. ನಂಜುಂಡಪ್ಪ ವರದಿಯಿಂದ ಏನಾಯ್ತು ಅಂತ ಪರಿಶೀಲಿಸಿ, ಅಸಮಾನತೆಯನ್ನು ಹೊಸದಾಗಿ ಅಳೆಯೋಕೆ ಅರ್ಥಶಾಸ್ತ್ರಜ್ಞ ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಸರ್ಕಾರ 2024ರಲ್ಲಿ ಸಮಿತಿ ಮಾಡಿತು. ಅದರ ವರದಿಯಲ್ಲಿ ನಾನು ಮೊದಲು ಹುಡುಕೋದು ದೇವದುರ್ಗದ ಸಾಲನ್ನು. ನೀವು ನಿಮ್ಮ ತಾಲ್ಲೂಕಿನ ಸಾಲು ಹುಡುಕಿ. 2002ರ ಪಟ್ಟಿಯಲ್ಲಿ ಅದು ಎಲ್ಲಿತ್ತು, ಈಗ ಎಲ್ಲಿದೆ ಅಂತ ಅಕ್ಕಪಕ್ಕ ಇಟ್ಟು ನೋಡಿ, ನಿಮ್ಮ ಶಾಸಕರಿಗೂ ಒಂದು ಪ್ರತಿ ಕಳಿಸಿ.