ಸೂಜಿಯ ಮೊನೆಯಲ್ಲಿ ಬೆಂಕಿ

ಗಂಟುಗಳನ್ನು ಸುಟ್ಟು ಗುಣಪಡಿಸುವ ಅಗ್ನಿಕರ್ಮವನ್ನು ಸುಶ್ರುತ ಸಂಹಿತೆಯೇ ವಿವರಿಸುತ್ತದೆ. ಆದರೆ ದೇಹದ ಆಳಕ್ಕೆ ಬೆಂಕಿಯನ್ನು ಒಯ್ಯುವುದು ಹೇಗೆ?

ದಾರಿ ತೆರೆದದ್ದು ಯುದ್ಧ. 1940ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ರ‍್ಯಾಂಡಲ್ ಮತ್ತು ಬೂಟ್ ರಾಡಾರ್‌ಗಾಗಿ ರೂಪಿಸಿದ ಮ್ಯಾಗ್ನೆಟ್ರಾನ್, ಪ್ರಬಲ ಮೈಕ್ರೋವೇವ್ ಅಲೆಗಳನ್ನು ಹೊಮ್ಮಿಸಿತು. ಅದೇ ಅಲೆ ಮುಂದೆ ಅಡುಗೆಮನೆಗೂ ಆಸ್ಪತ್ರೆಗೂ ಬಂತು. ಅದು ಅಂಗಾಂಶದ ನೀರಿನ ಅಣುಗಳನ್ನು ಸೆಕೆಂಡಿಗೆ ಕೋಟಿಗಟ್ಟಲೆ ಸಲ ಅತ್ತಿತ್ತ ತಿರುಗಿಸುತ್ತದೆ. ಶಾಖ ಒಳಗೇ ಹುಟ್ಟುತ್ತದೆ. ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ದಾಟಿದರೆ ಜೀವಕೋಶ ಉಳಿಯದು.

1994ರಲ್ಲಿ ಜಪಾನಿನ ಸೆಕಿ ಮತ್ತು ಸಂಗಡಿಗರು ಹೊಟ್ಟೆ ಕೊಯ್ಯದೆ, ಅಲ್ಟ್ರಾಸೌಂಡ್ ನೆರವಿನಿಂದ ಚರ್ಮದ ಮೂಲಕವೇ ಸೂಜಿಯಂಥ ಆಂಟೆನಾ ತೂರಿಸಿ, ಯಕೃತ್ತಿನ ಚಿಕ್ಕ ಕ್ಯಾನ್ಸರ್ ಗಡ್ಡೆಗಳನ್ನು ಸುಟ್ಟ ವರದಿ ಪ್ರಕಟಿಸಿದರು.

ಗಡ್ಡೆ ದೊಡ್ಡದಾದರೆ ಅಂಚಿನಲ್ಲಿ ರೋಗ ಉಳಿದೀತು. ಹೆಚ್ಚು ಸುಟ್ಟರೆ ಪಕ್ಕದ ಪಿತ್ತನಾಳ, ಕರುಳಿಗೆ ಅಪಾಯ. ಸುಡುವ ವಿದ್ಯೆ ಹಳೆಯದು. ಎಲ್ಲಿ ನಿಲ್ಲಿಸಬೇಕೆಂಬುದೇ ಇಂದಿಗೂ ವೈದ್ಯರಿಗೆ ಪರೀಕ್ಷೆ.