ಸೈಕಲ್ ಸವಾರಿ ಶಿಕ್ಷಣ

ಮಕ್ಕಳಿಗೂ ದೊಡ್ಡವರಿಗೂ ಸೈಕಲ್ ತುಳಿಯುವುದನ್ನು, ಅದನ್ನು ರಸ್ತೆಯಲ್ಲಿ ಅಪಾಯವಿಲ್ಲದೆ ನಡೆಸುವುದನ್ನು ಕಲಿಸುವ ಕ್ರಮ. ಇದರಲ್ಲಿ ಎರಡು ವಿದ್ಯೆಗಳು ಸೇರಿಕೊಂಡಿವೆ. ಬೀಳದೆ ಸಾಗುವ ಬ್ಯಾಲೆನ್ಸ್ ಒಂದು. ಬಸ್ಸು, ಲಾರಿ, ದನ, ಜನರ ನಡುವೆ ತನ್ನ ಜಾಗ ಹಿಡಿದು ಹೋಗುವ ರಸ್ತೆಬುದ್ಧಿ ಇನ್ನೊಂದು. ಬ್ಯಾಲೆನ್ಸ್ ಕಲಿಸುವ ಶಾಲೆಗಳು ಸೈಕಲ್‌ನ ಪೂರ್ವಜರಷ್ಟೇ ಹಳೆಯವು. ರಸ್ತೆಬುದ್ಧಿಯನ್ನೂ ಪಾಠ ಮಾಡಿ ಕಲಿಸಬೇಕು ಎಂದು ಸರ್ಕಾರಗಳಿಗೆ ಹೊಳೆಯಲು ಅಲ್ಲಿಂದ ಮುಂದೆ ನೂರು ವರ್ಷಕ್ಕೂ ಮಿಕ್ಕಿ ಹಿಡಿಯಿತು.

ಆರಂಭ

ಜರ್ಮನಿಯ ಕಾರ್ಲ್ ಫಾನ್ ಡ್ರೈಸ್ 1817ರಲ್ಲಿ ಮಾನ್‌ಹೈಮ್ ನಗರದಲ್ಲಿ ಓಡಿಸಿ ತೋರಿಸಿದ ಎರಡು ಚಕ್ರದ ಗಾಡಿಗೆ ಪೆಡಲ್ ಇರಲಿಲ್ಲ. ಸವಾರ ಅದರ ಮೇಲೆ ಕಾಲು ಇಳಿಬಿಟ್ಟು ಕೂತು, ನೆಲವನ್ನು ಒದೆಯುತ್ತ ಓಡಬೇಕಿತ್ತು. ಲಂಡನ್ನಿನ ಸಾರೋಟು ತಯಾರಕ ಡೆನಿಸ್ ಜಾನ್ಸನ್ ಅದನ್ನೇ ತಿದ್ದಿ 1818ರ ಕೊನೆಗೆ ಪೇಟೆಂಟ್ ಪಡೆದ. ಮರುವರ್ಷವೇ ಕಲಿಸುವ ಶಾಲೆಯನ್ನೂ ತೆರೆದ. ಸವಾರಿ ಬಾರದವನು ಗಾಡಿ ಕೊಳ್ಳುವುದಿಲ್ಲವಲ್ಲ. ಮೊದಲ ಗುರುವೂ ವ್ಯಾಪಾರಿಯೇ.

1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಮುಂಚಕ್ರಕ್ಕೆ ಪೆಡಲ್ ಬಂದಮೇಲೆ ಅದೇ ವ್ಯಾಪಾರ ದೊಡ್ಡದಾಗಿ ಮರುಕಳಿಸಿತು. 1868-69ರಲ್ಲಿ ಅಮೆರಿಕದ ನಗರಗಳಲ್ಲಿ ದೊಡ್ಡ ಹಜಾರಗಳನ್ನು ಹಿಡಿದು ಸವಾರಿ ಶಾಲೆಗಳು ಎದ್ದವು. ಲಂಡನ್ನಿನಲ್ಲಿ ಹೊಸ ಗಾಡಿಯ ಪ್ರದರ್ಶನ ನಡೆದದ್ದು ಚಾರ್ಲ್ಸ್ ಸ್ಪೆನ್ಸರನ ವ್ಯಾಯಾಮಶಾಲೆಯಲ್ಲಿ. ಕಲಿಕೆಯೆಲ್ಲ ಚಾವಣಿಯ ಕೆಳಗೆ, ನಯವಾದ ಹಲಗೆಯ ನೆಲದ ಮೇಲೆ. ರಸ್ತೆಯ ಗುಂಡಿಯೂ ಇಲ್ಲ, ಬೆದರುವ ಕುದುರೆಯೂ ಇಲ್ಲ. ಅಲ್ಲಿ ಪಳಗಿದವನು ಬೀದಿಗೆ ಬಂದಾಗ ಏನು ಮಾಡಬೇಕೆಂಬುದು ಯಾವ ಶಾಲೆಯ ಪಾಠದಲ್ಲೂ ಇರಲಿಲ್ಲ. 1870ರ ದಶಕದಲ್ಲಿ ಮುಂಚಕ್ರ ಆಳೆತ್ತರ ಬೆಳೆದಾಗಲಂತೂ ಕಲಿಯುವುದೆಂದರೆ ಬೀಳುವುದನ್ನು ಕಲಿಯುವುದೇ ಆಗಿತ್ತು. ಮಾರ್ಕ್ ಟ್ವೈನ್ 1884ರಲ್ಲಿ ಸಂಬಳಕ್ಕೊಬ್ಬ ಗುರುವನ್ನಿಟ್ಟುಕೊಂಡು ಆ ಎತ್ತರದ ಸೈಕಲ್ ಕಲಿತ. ಆ ಪಾಡನ್ನು ಕುರಿತು ಅವನು ಬರೆದ ನಗೆಬರಹ ಅಚ್ಚಾದದ್ದು ಅವನು ತೀರಿಕೊಂಡ ಮೇಲೆ, 1917ರಲ್ಲಿ.

ದೊಡ್ಡವರ ಕಾಲ

1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿಯ ರೋವರ್ ಸೈಕಲ್ ಬಂತು: ಎರಡೂ ಚಕ್ರ ಹೆಚ್ಚುಕಡಿಮೆ ಒಂದೇ ಅಳತೆ, ಹಿಂಚಕ್ರಕ್ಕೆ ಚೈನು, ಕಾಲಿಗೆ ಎಟುಕುವ ನೆಲ. 1888ರಲ್ಲಿ ಡನ್‌ಲಪ್ಪನ ಗಾಳಿ ಟೈರು ಬಂತು. ಅಲ್ಲಿಗೆ ಸೈಕಲ್ ಸಾಹಸಿ ಹುಡುಗರ ಕೈಯಿಂದ ಎಲ್ಲರ ಕೈಗೆ ಜಾರಿತು. ಕಲಿಯಲು ಬಂದವರಲ್ಲಿ ಹೆಂಗಸರು, ನಡುವಯಸ್ಸಿನವರು, ಮುದುಕರೂ ಇದ್ದರು. ಕಲಿಯುವವರ ಸೊಂಟಕ್ಕೆ ಹಿಡಿಕೆಯಿರುವ ತೊಗಲಿನ ಪಟ್ಟಿ ಕಟ್ಟಿ, ಗುರು ಅದನ್ನು ಹಿಡಿದು ಪಕ್ಕದಲ್ಲೇ ಓಡುವ ಪದ್ಧತಿ ಆಗಿನದು.

ಆ ಕಾಲದ ದೊಡ್ಡ ವಯಸ್ಸಿನ ಶಿಷ್ಯರಲ್ಲಿ ಇಬ್ಬರು ಪ್ರಸಿದ್ಧರು. ಲಿಯೊ ಟಾಲ್‌ಸ್ಟಾಯ್ 1895ರಲ್ಲಿ, ಪುಟ್ಟ ಮಗನನ್ನು ಕಳೆದುಕೊಂಡ ದುಃಖದ ನಡುವೆ, ಅರವತ್ತೈದು ದಾಟಿದ ವಯಸ್ಸಿನಲ್ಲಿ ಮಾಸ್ಕೋದ ಕುದುರೆ ಸವಾರಿಯ ಹಜಾರದಲ್ಲಿ ಕಲಿತ. ಅಮೆರಿಕದ ಪಾನನಿರೋಧ ಚಳವಳಿಯ ನಾಯಕಿ ಫ್ರಾನ್ಸಿಸ್ ವಿಲ್ಲರ್ಡ್ ಕಲಿತದ್ದು 53ರಲ್ಲಿ. ತನ್ನ ಸೈಕಲ್‌ಗೆ ಗ್ಲಾಡಿಸ್ ಎಂದು ಹೆಸರಿಟ್ಟು, ದಿನಕ್ಕೆ ಕಾಲು ಗಂಟೆಯಂತೆ ಮೂರು ತಿಂಗಳು ಅಭ್ಯಾಸ ಮಾಡಿದ ಆಕೆ 1895ರಲ್ಲಿ ಅದರ ಬಗ್ಗೆ ಪುಸ್ತಕವನ್ನೇ ಬರೆದಳು. ಮರುವರ್ಷ ಮರಿಯಾ ವಾರ್ಡ್ ಹೆಂಗಸರಿಗಾಗಿಯೇ ಬರೆದ ಕೈಪಿಡಿ ಬಂತು. ಸವಾರಿಯ ಜೊತೆಗೆ ಸ್ಪ್ಯಾನರು ಹಿಡಿದು ರಿಪೇರಿ ಮಾಡಿಕೊಳ್ಳುವುದನ್ನೂ ಅದು ಹೇಳಿಕೊಡುತ್ತದೆ. ಈ ಪುಸ್ತಕಗಳನ್ನು ಬರೀ ಕ್ರೀಡಾಸಾಹಿತ್ಯವೆಂದು ಕಪಾಟಿನಲ್ಲಿಟ್ಟರೆ ತಪ್ಪಾದೀತು. ಸೈಕಲ್ ಹತ್ತಿದ ಹೆಣ್ಣಿನ ಮುಖ ವಿಕಾರವಾಗುತ್ತದೆ ಎಂದು ವೈದ್ಯರೇ ಬೆದರಿಸುತ್ತಿದ್ದ ದಿನಗಳವು.

ರಸ್ತೆಯ ಪಾಠ

ಮೋಟಾರು ಹೆಚ್ಚಿದ ಮೇಲೆ ಸೈಕಲ್ ಸವಾರರು, ಅದರಲ್ಲೂ ಮಕ್ಕಳು, ಸಾಯತೊಡಗಿದರು. ಬ್ರಿಟನ್ನಿನ ಅಪಘಾತ ತಡೆ ಸಂಸ್ಥೆ ರಾಸ್ಪಾ 1947ರಲ್ಲಿ ಮಕ್ಕಳಿಗೆ ಸೈಕಲ್ ಪ್ರಾವೀಣ್ಯ ಪರೀಕ್ಷೆಯನ್ನು ಪ್ರಯೋಗಕ್ಕಿಟ್ಟಿತು. 1958ರಲ್ಲಿ ಅದು ರಾಷ್ಟ್ರೀಯ ಯೋಜನೆಯಾಯಿತು. ಪಾಸಾದವರಿಗೊಂದು ಬ್ಯಾಡ್ಜು. ಆದರೆ ತರಬೇತಿ ಬಹುಮಟ್ಟಿಗೆ ಶಾಲೆಯ ಅಂಗಳದಲ್ಲಿ, ನೆಲದ ಮೇಲೆ ಗುರುತು ಹಾಕಿದ ಸುಳ್ಳು ರಸ್ತೆಗಳಲ್ಲಿ ನಡೆಯುತ್ತಿತ್ತು. ಅಂಗಳದಲ್ಲಿ ಕೈ ತೋರಿಸಿ ತಿರುಗಿದ ಹುಡುಗನಿಗೆ, ಹಿಂದೆ ಲಾರಿ ಇದ್ದಾಗಲೂ ಹಾಗೇ ತಿರುಗುವ ಧೈರ್ಯ ಎಲ್ಲಿಂದ ಬರಬೇಕು?

ಈ ಕೊರತೆಗೆ ಉತ್ತರ ಎರಡು ದಿಕ್ಕಿನಿಂದ ಬಂತು. ಕಾದಂಬರಿಕಾರ ಸಿ. ಎಸ್. ಫಾರೆಸ್ಟರನ ಮಗ, ಕ್ಯಾಲಿಫೋರ್ನಿಯಾದ ಎಂಜಿನಿಯರ್ ಜಾನ್ ಫಾರೆಸ್ಟರ್, 1976ರ ತನ್ನ ಪುಸ್ತಕದಲ್ಲಿ ಸೈಕಲ್ ಕೂಡ ವಾಹನ, ಅದರ ಸವಾರ ಇತರ ಚಾಲಕರಂತೆಯೇ ನಡೆದುಕೊಂಡರೆ ಕ್ಷೇಮ ಎಂದು ವಾದಿಸಿದ. ಇಂಗ್ಲೆಂಡಿನಲ್ಲಿ ಜಾನ್ ಫ್ರಾಂಕ್ಲಿನ್ 1988ರ ಕೈಪಿಡಿಯಲ್ಲಿ ಇದನ್ನು ಪಾಠಕ್ಕೆ ಒಗ್ಗಿಸಿದ. ರಸ್ತೆ ಕಿರಿದಾದಲ್ಲಿ, ಕ್ರಾಸ್ ಬಂದಲ್ಲಿ ಅಂಚಿಗೆ ಅಂಟಿಕೊಳ್ಳದೆ ಲೇನಿನ ನಡುವೆ ಬಾ. ನಿಂತ ಕಾರಿನಿಂದ ಬಾಗಿಲಿನ ಅಗಲದಷ್ಟು ದೂರವಿರು. ತಿರುಗುವ ಮೊದಲು ಹೆಗಲ ಮೇಲಿಂದ ಹಿಂದೆ ನೋಡು. ಇದರ ಸಾರವೆಲ್ಲ 2007ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಬೈಕೆಬಿಲಿಟಿ ತರಬೇತಿಯೊಳಗೆ ಸೇರಿದೆ. ಅದರಲ್ಲಿ ಮೂರು ಹಂತ: ವಾಹನವಿಲ್ಲದ ಬಯಲು, ಸಣ್ಣ ಬೀದಿ, ಕೊನೆಗೆ ದಟ್ಟ ಸಂಚಾರದ ರಸ್ತೆ. ಎರಡನೆಯ ಹಂತದಿಂದ ಪಾಠವೆಲ್ಲ ನಿಜವಾದ ರಸ್ತೆಯಲ್ಲೇ.

ನೆದರ್‌ಲೆಂಡ್ಸ್ ಹಿಡಿದ ದಾರಿ ಬೇರೆ. 1971ರಲ್ಲಿ ಅಲ್ಲಿ ರಸ್ತೆ ಅಪಘಾತಗಳಲ್ಲಿ ಸುಮಾರು 3,300 ಜನ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮಕ್ಕಳ ಕೊಲೆ ನಿಲ್ಲಿಸಿ ಎಂದು ತಾಯಿ ತಂದೆಯರು ಬೀದಿಗಿಳಿದ ಮೇಲೆ ದೇಶ ಸೈಕಲ್‌ಗೆಂದೇ ಪಥ ಬಿಟ್ಟು ರಸ್ತೆಗಳನ್ನೇ ತಿದ್ದತೊಡಗಿತು. ಫಾರೆಸ್ಟರನಿಗೆ ಪ್ರತ್ಯೇಕ ಸೈಕಲ್ ಪಥಗಳೆಂದರೆ ಕೊನೆಯವರೆಗೂ ಆಗಿಬರಲಿಲ್ಲ. ಡಚ್ಚರ ಅನುಭವ ಅವನ ಕಡೆಗಿಲ್ಲ ಎಂದೇ ಹೇಳಬೇಕು. ಹಾಗೆಂದು ಅವರು ಕಲಿಸುವುದನ್ನು ಬಿಡಲೂ ಇಲ್ಲ. ಹತ್ತು ಹನ್ನೆರಡು ವರ್ಷದ ಶಾಲಾಮಕ್ಕಳು ಅಂಕಿಯ ಅಂಗಿ ತೊಟ್ಟು ಊರಿನ ಗೊತ್ತಾದ ದಾರಿಯಲ್ಲಿ ಸೈಕಲ್ ಹೊಡೆಯುತ್ತಾರೆ, ಮೂಲೆಮೂಲೆಯಲ್ಲಿ ನಿಂತ ಸ್ವಯಂಸೇವಕರು ಅಂಕ ಹಾಕುತ್ತಾರೆ. ಮೊರೊಕ್ಕೊ, ಟರ್ಕಿಯಿಂದ ಬಂದು ನೆಲೆಸಿದ ಹೆಂಗಸರಿಗೆ ಬಡಾವಣೆಯ ಸಮುದಾಯ ಕೇಂದ್ರಗಳಲ್ಲಿ ಸೈಕಲ್ ತರಗತಿಗಳು ನಡೆಯುತ್ತವೆ.

ಭಾರತದಲ್ಲಿ

ನಮ್ಮಲ್ಲಿ ಸೈಕಲ್ ಕಲಿಕೆಗೆ ಶಾಲೆ ಇರಲಿಲ್ಲ, ಸೈಕಲ್ ಶಾಪು ಇತ್ತು. ಗಂಟೆ ಲೆಕ್ಕದ ಬಾಡಿಗೆ ಸೈಕಲ್, ಕ್ಯಾರಿಯರ್ ಹಿಡಿದು ಹಿಂದೆ ಓಡುವ ಅಣ್ಣನೋ ಗೆಳೆಯನೋ, ಊರಾಚೆಯ ಮೈದಾನ ಇಷ್ಟೇ ಸಲಕರಣೆ. ಮಕ್ಕಳಿಗೆಂದು ಚಿಕ್ಕ ಸೈಕಲ್ ಅಪರೂಪವಾಗಿದ್ದುದರಿಂದ ಅಡ್ಡ ಬಾರಿನ ಕೆಳಗೆ ಕಾಲು ತೂರಿಸಿ ತುಳಿಯುವ ಒಳಪೆಡಲ್ ಹುಟ್ಟಿತು. ಅದಾದ ಮೇಲೆ ಬಾರು, ಕಾಲು ಉದ್ದವಾದ ಮೇಲೆ ಸೀಟು. ಯಾರೂ ಬರೆದಿಡದ ಈ ಪಠ್ಯಕ್ರಮ ಕರ್ನಾಟಕದ ಹಳ್ಳಿ ಪೇಟೆಗಳಲ್ಲಿ ಹಲವು ತಲೆಮಾರುಗಳನ್ನು ಸೈಕಲ್ ಮೇಲೆ ಕೂರಿಸಿದೆ. ಹುಡುಗಿಯರು ಇದರ ಹೊರಗೇ ಉಳಿದದ್ದು ಹೆಚ್ಚು. ರಸ್ತೆಯ ನಿಯಮ ಕಲಿಸುತ್ತಿದ್ದವನು ಪೊಲೀಸ್: ರಾತ್ರಿ ದೀಪವಿಲ್ಲದಿದ್ದರೆ, ಡಬಲ್ ರೈಡಿಂಗ್ ಹೋದರೆ ಹಿಡಿದು ಗಾಳಿ ಬಿಡುತ್ತಿದ್ದ.

ದೊಡ್ಡ ಪ್ರಮಾಣದ ಕಲಿಕೆ ನಡೆದದ್ದು ತಮಿಳುನಾಡಿನ ಪುದುಕೋಟ್ಟೈ ಜಿಲ್ಲೆಯಲ್ಲಿ. 1991ರಲ್ಲಿ ಅಲ್ಲಿ ಅರಿವೊಳಿ ಸಾಕ್ಷರತಾ ಆಂದೋಲನ ಶುರುವಾದಾಗ ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್ ಅಕ್ಷರದ ಜೊತೆಗೆ ಸೈಕಲನ್ನೂ ಸೇರಿಸಿದರು. ಕಾರ್ಯಕರ್ತೆಯರು ಹಳ್ಳಿಯಿಂದ ಹಳ್ಳಿಗೆ ತಿರುಗಬೇಕಿತ್ತು, ಬಸ್ಸು ನೆಚ್ಚಿಕೊಂಡರೆ ಆಗುತ್ತಿರಲಿಲ್ಲ. ಸೈಕಲ್ ಕೊಳ್ಳಲು ಬ್ಯಾಂಕುಗಳಿಂದ ಸಾಲ ಕೊಡಿಸಿದರು. ಕಲಿತವಳು ಇನ್ನೊಬ್ಬಳಿಗೆ ಕಲಿಸುತ್ತ ಹೋದಳು, ಸೈಕಲ್ ಹಾಡುಗಳೂ ಹುಟ್ಟಿದವು. ಲೇಡೀಸ್ ಸೈಕಲ್ ಸಾಲದೆ ಹೋದಾಗ ಜೆಂಟ್ಸ್ ಸೈಕಲ್ಲನ್ನೇ ಹತ್ತಿದರು. ಮುಂದಿನ ಬಾರಿನ ಮೇಲೆ ಮಗುವನ್ನು ಕೂರಿಸಬಹುದೆಂದು ಕೆಲವರು ಅದನ್ನೇ ಮೆಚ್ಚಿಕೊಂಡರು. ಕೆಲವೇ ವರ್ಷಗಳಲ್ಲಿ ಲಕ್ಷಕ್ಕೂ ಹೆಚ್ಚು ಹೆಂಗಸರು ಕಲಿತರು ಎಂದು ಪತ್ರಕರ್ತ ಪಿ. ಸಾಯಿನಾಥ್ ದಾಖಲಿಸಿದ್ದಾರೆ. ಇವರಲ್ಲಿ ಕೂಲಿಗಳು, ಕಲ್ಲುಕ್ವಾರಿಯಲ್ಲಿ ದುಡಿಯುವವರು, ಅಂಗನವಾಡಿಯವರು ಇದ್ದರು. ನೀರು ತರುವುದು, ತರಕಾರಿ ಮಾರುವುದು, ಮಗುವನ್ನು ಶಾಲೆಗೆ ಬಿಡುವುದು ಯಾವುದಕ್ಕೂ ಗಂಡನನ್ನೋ ಅಣ್ಣನನ್ನೋ ಕಾಯಬೇಕಾಗಿಲ್ಲ. ಬೀದಿಯ ಕುಹಕ ಮೊದಮೊದಲು ಜೋರಾಗಿಯೇ ಇತ್ತು.

ಆಮೇಲಿನ ಸರ್ಕಾರಿ ಯೋಜನೆಗಳು ಕಲಿಸುವುದಕ್ಕಿಂತ ಕೊಡುವುದರ ಕಡೆ ವಾಲಿದವು. ಬಿಹಾರ 2006ರಿಂದ 9ನೆಯ ತರಗತಿಗೆ ಸೇರುವ ಹುಡುಗಿಯರಿಗೆ ಸೈಕಲ್ ಹಣ ಕೊಟ್ಟಿತು. ಇದರಿಂದ ಪ್ರೌಢಶಾಲೆಗೆ ಹೋಗುವ ಹುಡುಗಿಯರ ದಾಖಲಾತಿ ಶೇ 32ರಷ್ಟು ಏರಿತೆಂದು ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ 2017ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದೆ. ಕರ್ನಾಟಕವೂ 2006-07ರಲ್ಲಿ 8ನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಹಂಚಲು ಆರಂಭಿಸಿತು.

ಕಲಿಸುವ ವಿಧಾನ

ಸೈಕಲ್ ಬಲಕ್ಕೆ ವಾಲಿದರೆ ಹ್ಯಾಂಡಲ್ಲನ್ನೂ ಬಲಕ್ಕೇ ತಿರುಗಿಸಬೇಕು. ಆಗ ಚಕ್ರಗಳು ದೇಹದ ಭಾರದ ಕೆಳಗೆ ಬಂದು ನಿಲ್ಲುತ್ತವೆ. ಹೆದರಿದ ಕೈ ಮಾಡುವುದು ಇದರ ತಿರುವು ಮುರುವು. ಪಕ್ಕಕ್ಕೆ ಎರಡು ಪುಟ್ಟ ಚಕ್ರ ಕಟ್ಟಿದರೆ ಸೈಕಲ್ ವಾಲುವುದೇ ಇಲ್ಲ, ಹಾಗಾಗಿ ಮಗು ಪೆಡಲ್ ತುಳಿಯುವುದನ್ನು ಕಲಿಯುತ್ತದೆಯೇ ಹೊರತು ಬ್ಯಾಲೆನ್ಸನ್ನಲ್ಲ. ಈಗಿನ ತರಬೇತುದಾರರು ಪೆಡಲ್ಲನ್ನೇ ಬಿಚ್ಚಿಡುತ್ತಾರೆ. ಪಾದ ಪೂರ್ತಿ ನೆಲಕ್ಕೆ ತಾಗುವಷ್ಟು ಸೀಟು ಇಳಿಸಿ, ನೆಲ ಒದ್ದು ಸಾಗಿಸುತ್ತಾರೆ; ಕಾಲೆತ್ತಿ ಒಂದಷ್ಟು ದೂರ ತೇಲಿದಂತೆ ಹೋಗಲು ಬಂದಮೇಲೆ ಪೆಡಲ್ ಹಾಕುತ್ತಾರೆ. ದೊಡ್ಡವರಿಗೂ ಇದೇ ಕ್ರಮ, ಅವರ ಭಯ ಮಾತ್ರ ಹೆಚ್ಚು. 1990ರ ದಶಕದ ಕೊನೆಯಲ್ಲಿ ಜರ್ಮನಿಯಲ್ಲಿ ಎರಡು ಮೂರು ವರ್ಷದ ಮಕ್ಕಳಿಗೆಂದು ಪೆಡಲ್ಲೇ ಇಲ್ಲದ ಮರದ ಸೈಕಲ್‌ಗಳು ಮಾರುಕಟ್ಟೆಗೆ ಬಂದವು. ಅವುಗಳ ಮೇಲೆ ಆಡಿದ ಮಕ್ಕಳಲ್ಲಿ ಅನೇಕರು ಪಕ್ಕದ ಚಕ್ರಗಳ ಹಂಗಿಲ್ಲದೆ ನೇರವಾಗಿ ಪೆಡಲ್ ಸೈಕಲ್ ಹತ್ತುತ್ತಾರೆ.